ಒತ್ತಬಾರದಿದ್ದ ಲಗ್ನಪತ್ರಿಕೆ

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಶಿವಪ್ರಸಾದನ ಲಗ್ನಪತ್ರಿಕೆ ನನ್ನ ಫೋನಿಗೆ ಬಂತು.

ಹಾಗೆಂದು ನಾನೇ ತಿಳಿದುಕೊಂಡದ್ದು. ಬಂದದ್ದು ಅವನ ತಂಗಿ ಭಾರತಿಯ ನಂಬರಿನಿಂದ. ‘ನಮ್ಮ ಮನೆಯ ಮದುವೆಗೆ ಕುಟುಂಬ ಸಮೇತ ಬನ್ನಿ’ ಎಂಬ ಒಂದೇ ಸಾಲು, ಅದರ ಕೆಳಗೆ ಒಂದು ಫೈಲು. ಭಾರತಿಯ ಮದುವೆಯಾಗಿ ಮೂರು ವರ್ಷವಾಯಿತು, ಲಿಂಗಸುಗೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ, ನನಗೆ ಪರಿಚಯವಾದದ್ದೂ ಅಲ್ಲೇ. ಅವಳ ತವರಿನಲ್ಲಿ ಮದುವೆಗೆ ಉಳಿದವನು ಅವಳ ಅಣ್ಣ ಒಬ್ಬನೇ. ಹೋದ ಶನಿವಾರವಷ್ಟೇ ಅವನು, ಮುದಗಲ್ಲಿನಲ್ಲಿ ಯಾವುದೋ ಹುಡುಗಿಯನ್ನು ನೋಡಿಕೊಂಡು ಬಾ ಎಂದು ಅವ್ವ ಗಂಟುಬಿದ್ದಿದ್ದಾಳೆ ಎಂದಿದ್ದ. ಹೋಗಿ ಬನ್ನಿ, ಸೀರೆ ಆರಿಸಲು ನಾನು ಬರುತ್ತೇನೆ ಎಂದು ನಾನು ನಕ್ಕಿದ್ದೆ. ಅಂಥ ನಗುವಿಗೆ ಬೆಂಕಿ ಹಾಕಬೇಕು.

ನಾನು ದಢೇಸುಗೂರಿನ ಆರೋಗ್ಯ ಉಪಕೇಂದ್ರದ ನರ್ಸು. ಹೆಸರು ಅಮರೇಶ್ವರಿ, ಆದರೆ ಊರಿಗೆಲ್ಲ ಸಿಸ್ಟರ್. ಇರುವುದು ಸಿಂಧನೂರಿನ ಬಾಡಿಗೆ ಕೋಣೆಯಲ್ಲಿ, ಅಪ್ಪ-ಅವ್ವ ಲಿಂಗಸುಗೂರಿನಲ್ಲಿ. ಪ್ರತಿ ಶನಿವಾರ ಊರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ಚಹಾಕ್ಕೆ ನಿಲ್ಲುತ್ತದೆ. ನಿಲ್ದಾಣದ ಎದುರಿಗೇ ಶಿವಪ್ರಸಾದನ ಮೊಬೈಲ್ ರಿಪೇರಿ ಅಂಗಡಿ. ಹತ್ತು ತಿಂಗಳ ಹಿಂದೆ ಫೋನು ಚಾರ್ಜ್ ಆಗುತ್ತಿಲ್ಲವೆಂದು ಹೋದವಳು, ಆಮೇಲೆ ಚೆನ್ನಾಗಿರುವ ಫೋನನ್ನೂ ತೋರಿಸಲು ಹೋಗತೊಡಗಿದೆ.

ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಫೋನಿನೊಳಗೆ ಇಣುಕುತ್ತ ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡುತ್ತಿದ್ದ. ಆ ಎರಡನೇ ಕಣ್ಣಿಗೆ ರಿಪೇರಿಯ ಗೊಡವೆ ಇರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಊರೆಲ್ಲ ಸಿಸ್ಟರ್ ಎನ್ನುವಾಗ ಅವನೊಬ್ಬ ಮೇಡಂ ಎನ್ನುತ್ತಿದ್ದ. ಯಾಕೆ ಎಂದು ಒಮ್ಮೆ ಕೇಳಿದ್ದೆ.

“ಆ ಮಾತು ನನ್ ಬಾಯಾಗ ಬರೂದಿಲ್ರಿ,” ಎಂದವನು ಕಿವಿ ಕೆಂಪಗೆ ಮಾಡಿಕೊಂಡು ಮತ್ತೆ ಫೋನಿನೊಳಗೆ ಇಳಿದುಬಿಟ್ಟ.

ಅದಕ್ಕಿಂತ ಹೆಚ್ಚು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನು ನಾಚುತ್ತಿದ್ದ. ನಾನು ಹೆದರುತ್ತಿದ್ದೆ. ಊರ ಮಕ್ಕಳಿಗೆಲ್ಲ ಸೂಜಿ ಚುಚ್ಚುವ ನಾನು ಹುಟ್ಟಾ ಹೆದರುಪುಕ್ಕಲಿ. ಇಲ್ಲ ಎಂಬ ಉತ್ತರ ಬಂದೀತೆಂದು ಪ್ರಶ್ನೆಯನ್ನೇ ಕೇಳದವಳು.

ಅಂಥವಳು ಆ ಫೈಲನ್ನು ಒತ್ತಿದೆ. ಲಗ್ನಪತ್ರಿಕೆ ತೆರೆಯಲಿಲ್ಲ. ಏನನ್ನೋ ಇನ್‌ಸ್ಟಾಲ್ ಮಾಡಲೇ ಎಂದು ಫೋನು ಕೇಳಿತು. ಹೂಂ ಎಂದೆ. ಮೆಸೇಜುಗಳನ್ನು ಓದಲೇ ಎಂದಿತು. ಹೂಂ. ಇರುವ ನಂಬರುಗಳನ್ನೆಲ್ಲ ನೋಡಲೇ ಎಂದಿತು. ಅದಕ್ಕೂ ಹೂಂ. ಕಣ್ಣು ತುಂಬಿ ಅಕ್ಷರ ಕಾಣುತ್ತಿರಲಿಲ್ಲ. ಆ ಹೊತ್ತಿಗೆ ನನ್ನ ಕಿಡ್ನಿ ಕೇಳಿದ್ದರೂ ಕೊಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಆ ಹುಡುಗಿಯ ಹೆಸರು, ಅಷ್ಟೇ.

ಹೆಸರು ಬರಲಿಲ್ಲ. ಫೋನು ಕಾವಲಿಯ ಹಾಗೆ ಬಿಸಿಯಾಯಿತು. ಕಾಲು ಗಂಟೆಯಲ್ಲಿ ಮೊದಲ ಕರೆ ಬಂತು, ಕಾಲುವೆ ಆಚೆ ಭತ್ತ ಬೆಳೆಯಲು ಬಂದವರು ನೆಲೆಸಿದ ಕ್ಯಾಂಪಿನ ಐದು ತಿಂಗಳ ಬಸುರಿ. ಲಗ್ನ ಅಂತಲ್ರೀ ಸಿಸ್ಟರ್, ಒಂದು ಮಾತೂ ಹೇಳಲಿಲ್ಲವಲ್ಲ ಎಂದು ಹುಸಿಮುನಿಸು. ಅವಳ ಹಿಂದೆಯೇ ಇನ್ನೊಬ್ಬಳು, ಮತ್ತೊಬ್ಬಳು. ಹುಡುಗ ಯಾರು, ಯಾವ ಊರು, ಫೈಲು ತೆರೆಯುತ್ತಿಲ್ಲ, ಇನ್ನೊಮ್ಮೆ ಕಳಿಸಿ. ನಮ್ಮ ಆಶಾ ಕಾರ್ಯಕರ್ತೆ ಮಾಹಿರಾ ತನ್ನ ಫೋನು ಹಿಡಿದು ಓಡಿಬಂದಳು. ಅದರಲ್ಲಿ ನನ್ನ ಫೋಟೊ, ನನ್ನ ಹೆಸರು, ‘ನಮ್ಮ ಮನೆಯ ಮದುವೆಗೆ ಕುಟುಂಬ ಸಮೇತ ಬನ್ನಿ.’

ಆ ಫೈಲು ನನ್ನ ಫೋನಿನಿಂದ ತಾನಾಗಿಯೇ ಎಲ್ಲರಿಗೂ ಹೋಗಿತ್ತು.

ನನ್ನ ಫೋನಿನಲ್ಲಿ ನೂರಾ ಮೂವತ್ತಾರು ಹೆಂಗಸರಿದ್ದಾರೆ. ಬಸುರಿಯರ ಹೆಸರಿನ ಮುಂದೆ ತಿಂಗಳು ಬರೆದಿರುತ್ತೇನೆ, ‘ಹುಸ್ನಾ 8’ ಎಂಬಂತೆ, ಪ್ರತಿ ಒಂದನೇ ತಾರೀಖು ಕುಳಿತು ಎಲ್ಲರಿಗೂ ಒಂದೊಂದು ಕೂಡಿಸುತ್ತೇನೆ. ನಾನು ಹೊಸದಾಗಿ ಬಂದಾಗ ಇವರೇ ನನ್ನ ಚೀಲ ಕಂಡರೆ ಕದ ಹಾಕಿಕೊಳ್ಳುತ್ತಿದ್ದರು. ಎರಡು ವರ್ಷ ಕೆಸರಿನಲ್ಲಿ ನಡೆದು ನಡೆದು, ಈಗ ನಾನು ನುಂಗಿ ಎಂದ ಗುಳಿಗೆಯನ್ನು ನುಂಗುತ್ತಾರೆ, ಕಳಿಸಿದ್ದನ್ನು ಕಣ್ಣುಮುಚ್ಚಿ ತೆರೆಯುತ್ತಾರೆ. ನನ್ನ ಬಳಿ ಇರುವ ಆಸ್ತಿ ಅದೊಂದೇ. ಸಿಸ್ಟರ್ ಕಳಿಸಿದ್ದನ್ನು ಮುಟ್ಟಬೇಡಿ ಎಂಬ ಮಾತು ಒಮ್ಮೆ ಊರಲ್ಲಿ ಹುಟ್ಟಿದರೆ, ನಾಳೆ ಗುರುವಾರ, ಲಸಿಕೆಯ ದಿನ, ಒಬ್ಬ ತಾಯಿಯೂ ಬರುವುದಿಲ್ಲ.

ಮದುವೆಯಾಗಲಿರುವವನಿಗೆ ಫೋನು ಮಾಡುವುದು ಹೇಗೆ ಎಂದು ಎರಡು ನಿಮಿಷ ಒದ್ದಾಡಿದೆ. ಆಮೇಲೆ ಮಾಹಿರಾಳ ಫೋನಿನಿಂದ ಮಾಡಿಯೇಬಿಟ್ಟೆ. ಸಿಮ್ ತೆಗೆದಿಡಿ, ಫೋನು ಮುಟ್ಟಬೇಡಿ, ಬರುತ್ತಿದ್ದೇನೆ ಎಂದ. ಹೆದರಬೇಡಿ ಎನ್ನಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

ಮಸ್ಕಿಯಿಂದ ಸಿಂಧನೂರು ದಾಟಿ ನಮ್ಮೂರಿಗೆ ಅವನು ಬೈಕಿನಲ್ಲಿ ಎಷ್ಟು ಬೇಗ ಬಂದನೆಂದರೆ, ಹೇಗೆ ಓಡಿಸಿರಬಹುದೆಂದು ನೆನೆದರೆ ಈಗಲೂ ಬೇಡವೆನಿಸುತ್ತದೆ. ಹುಬ್ಬಿನವರೆಗೆ ಧೂಳು. ಬ್ಯಾಂಕಿನ ಮೆಸೇಜು ಕದಿಯುವ ಆ ಕಳ್ಳ ಆ್ಯಪನ್ನು ಕಿತ್ತುಹಾಕಿ, ಯಾರಿಂದ ಬಂತು ಎಂದು ಕೇಳಿದ. ಭಾರತಿಯಿಂದ ಎಂದೆ.

ಅವನು ಕಣ್ಣು ಮುಚ್ಚಿಕೊಂಡ. ಭಾರತಿಯೂ ಬೆಳಿಗ್ಗೆ ಯಾವುದೋ ಗ್ರೂಪಿನಲ್ಲಿ ಬಂದದ್ದನ್ನು ಒತ್ತಿದ್ದಳಂತೆ. ಬೆಳಗಿನಿಂದ ನೆಂಟರೆಲ್ಲ ಅವನಿಗೆ ಫೋನು ಮಾಡಿ ಯಾರ ಮದುವೆ ಎಂದು ಕೇಳುತ್ತಿದ್ದರಂತೆ. ಮದುವೆಯೇ ಇರಲಿಲ್ಲ. ಮುದಗಲ್ಲಿಗೆ ಅವನು ಹೋಗಿಯೇ ಇರಲಿಲ್ಲ.

“ನನ್ ಲಗ್ನ ಅಂತ ತಿಳಕೊಂಡ್ರೇನು?”

ಹೌದೆಂದು ತಲೆಯಾಡಿಸಿದೆ.

“ಲಗ್ನ ನಂದು ಅಂದ್ರ ನೀವು ಯಾಕ್ರಿ ಅಷ್ಟು ಅವಸರದಾಗ ಒತ್ತಿದ್ರಿ?”

ಮಾಹಿರಾ ಎದ್ದು ಹೋಗಿ, ಆಗಲೇ ಜೋಡಿಸಿಟ್ಟಿದ್ದ ಔಷಧಿಗಳನ್ನು ಮತ್ತೆ ಜೋಡಿಸತೊಡಗಿದಳು. ಹರಸುವುದಕ್ಕೆ ಎಂದು ನಾನು ಸುಳ್ಳು ಹೇಳಿದೆ. ಎದೆಯ ಮೇಲಿನ ಬಂಡೆಯೊಂದು ಉರುಳಿಹೋಗಿತ್ತು. ಆದರೆ ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನಾಚಿಕೆ ಮುತ್ತಿಕೊಂಡಿತು. ಇಲ್ಲದ ಮದುವೆಗೆ ಅತ್ತು ನೂರಾ ಮೂವತ್ತಾರು ಮನೆಗೆ ಕಳ್ಳನನ್ನು ಕಳಿಸಿದ್ದೆ.

ಅವನು ನನ್ನ ಫೋನಿನ ಸೆಟ್ಟಿಂಗ್ಸ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದ.

“ಇಂಥಾ ಫೈಲ್ ಬಂದ್ರ ಫೋನ್ ತಾನಾಗೇ ತಡೀತೈತ್ರಿ. ನಿಮ್ಮದು ತಡೀಲಿಲ್ಲ. ಗೇಜ್ ಹಾಕಾಕ ತಡೀಬ್ಯಾಡ ಅಂತ ನಾನೇ ಮಾಡಿಸಿದ್ದೆ.”

ಗೇಜ್ ಎಂಬುದು ಅವನು ಬರೆದ ಆ್ಯಪು. ಕಾಲುವೆಯಲ್ಲಿ ಮಸ್ಕಿಯ ಹತ್ತಿರ ನೀರು ಎಷ್ಟು ಅಡಿ ಹರಿಯುತ್ತಿದೆ ಎಂಬುದರ ಮೇಲೆ ಈ ಭಾಗದ ಭತ್ತದ ಜೀವ ನಿಂತಿದೆ. ಕಾಲುವೆ ಕೆಲಸದಿಂದ ನಿವೃತ್ತನಾದ ಕರಿಬಸಯ್ಯ ಎಂಬ ಮುದುಕ ದಿನಾ ಬೆಳಿಗ್ಗೆ ಅಳತೆಪಟ್ಟಿ ನೋಡಿ ಶಿವಪ್ರಸಾದನಿಗೆ ಫೋನು ಮಾಡುತ್ತಾನೆ. ಅವನು ಅದನ್ನು ಗೇಜಿನಲ್ಲಿ ಹಾಕುತ್ತಾನೆ. ನನಗೂ ಅದು ಬೇಕು. ನೀರು ಬಂತೆಂದರೆ ಹೆಂಗಸರೆಲ್ಲ ನಾಟಿಗೆ ಹೋಗುತ್ತಾರೆ, ಮನೆಭೇಟಿ ದಂಡವಾಗುತ್ತದೆ. ಆ ಆ್ಯಪು ಎಲ್ಲರ ಫೋನಿನಲ್ಲಿರುವ ದೊಡ್ಡ ಸ್ಟೋರಿನಲ್ಲಿ ಇರಲಿಲ್ಲ. ಅವನು ಎರಡು ಸಲ ಕಳಿಸಿದ್ದ, ಎರಡು ಸಲವೂ ತಿರುಗಿಬಂದಿತ್ತು. ನೀರಿನ ಲೆಕ್ಕ ಹೇಳುವುದಕ್ಕೆ ಇಲಾಖೆಯ ಪತ್ರ ಕೇಳಿದರಂತೆ; ಕರಿಬಸಯ್ಯನ ಬಳಿ ಕಣ್ಣಿದ್ದವೇ ಹೊರತು ಪತ್ರವಿರಲಿಲ್ಲ. ಹಾಗಾಗಿ ಅವನು ಅದನ್ನು ವಾಟ್ಸಾಪಿನಲ್ಲೇ ಹಂಚುತ್ತಿದ್ದ. ಹೊರಗಿನ ಫೈಲು ಬಂದರೆ ತಡೆಯಬೇಡ ಎಂದು ಫೋನಿಗೆ ಹೇಳುವುದು ಹೇಗೆಂದು ಎಲ್ಲರಿಗೂ ಅವನೇ ಕಲಿಸಿದ್ದ. ಆಮೇಲೆ ಮತ್ತೆ ಮುಚ್ಚಿ ಎಂದು ಹೇಳಿರಲಿಲ್ಲ. ಹೊಸದನ್ನು ಕಳಿಸಿದಾಗ ಪಾಪ ಜನಕ್ಕೆ ಮತ್ತೆ ತೊಂದರೆಯಾಗಬಾರದೆಂದು.

ಮನೆಮನೆಗೆ ಹೋಗಿ ಒಂದೊಂದು ಫೋನನ್ನೂ ಕೈಯಲ್ಲಿ ಹಿಡಿದು ನೋಡದೆ ಬೇರೆ ದಾರಿಯಿಲ್ಲ ಎಂದ. ಅವನ ಬೈಕಿನ ಹಿಂದೆ ಕೂರುವುದನ್ನು ನಾನು ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದೆ. ಆ ಕನಸಿನಲ್ಲಿ ನಾನು ಹಸಿರು ಸೀರೆ ಉಟ್ಟಿರುತ್ತಿದ್ದೆ, ಕೈಯಲ್ಲಿ ಹೀಗೆ ಹೆಂಗಸರ ಹೆಸರಿನ ಪಟ್ಟಿ ಇರುತ್ತಿರಲಿಲ್ಲ.

ನನ್ನ ನಾಚಿಕೆಯೇ ಸಿಟ್ಟಾಗಿ ಹೊರಬಿತ್ತು. ಕಾಲುವೆಯ ದಂಡೆಯ ಮೇಲೆ ಅವನ ಬೆನ್ನಿಗೆ ಮುಖ ಮಾಡಿ ಬೈದೆ. ಎಲ್ಲರೂ ಆ ದೊಡ್ಡ ಸ್ಟೋರ್ ಎಂಬ ಒಂದೇ ಅಂಗಡಿಯಿಂದ ತೆಗೆದುಕೊಳ್ಳುತ್ತಾರೆ, ಸುಖವಾಗಿದ್ದಾರೆ, ನಿಮಗೊಬ್ಬರಿಗೆ ಏನು ಬಂದಿತ್ತು ಎಂಬ ಧಾಟಿಯಲ್ಲಿ. ಅವನು ಬೈಕು ನಿಲ್ಲಿಸಿದ, ಆದರೆ ತಿರುಗಿ ನೋಡಲಿಲ್ಲ.

“ಒಂದೇ ಅಂಗಡಿ ಇದ್ರ, ಅಂಗಡಿ ಮಾಲಕ ಒಲ್ಲೆ ಅಂದಿದ್ದು ಯಾರಿಗೂ ಸಿಗೂದಿಲ್ರಿ. ನಮ್ಮ ಕಾಲುವಿ ನೀರಿನ ಸುದ್ದಿ ನಮಗ ಮುಟ್ಟಾಕ ಎಲ್ಲೋ ಕುಂತಾಂವ ಹೂಂ ಅನ್ನಬೇಕು.”

“ನನ್ ಹೆಣ್ಣಮಕ್ಳಿಗೆ ಯಾವ ಫೈಲ್ ನಿಮ್ಮದು, ಯಾವ್ದು ಕಳ್ಳಂದು ಅಂತ ಹೆಂಗ ತಿಳೀಬೇಕ್ರಿ? ಒಂದ್ ಬಾಗಲಾ ಇದ್ರ ಕಾಯಾಕರ ಬರ್ತೈತಿ.”

ಅವನು ಬೈಕನ್ನು ಮತ್ತೆ ಚಾಲೂ ಮಾಡಿದ. ನನಗೆ ಗೆದ್ದೆನೆಂಬ ಸಂತೋಷವೇನೂ ಆಗಲಿಲ್ಲ. ಅವನ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಅವನೂ ನನ್ನಷ್ಟೇ ಹೆದರಿದ್ದಾನೆ ಎಂದು ನನಗೆ ಆಗ ಹೊಳೆಯಿತು. ಗೇಜ್ ಇದ್ದದ್ದು ಒಂದು ಸಾವಿರದ ಒಂಬೈನೂರು ಫೋನುಗಳಲ್ಲಿ.

ಹೆಂಗಸರು ಗದ್ದೆಗಳಲ್ಲಿದ್ದರು. ಪಾಲಿಥಿನ್ ಚೀಲದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡ ಫೋನುಗಳನ್ನು ಕೆಸರುಗೈ ಒರೆಸಿಕೊಂಡು ಬಿಚ್ಚಿಕೊಟ್ಟರು. ನಾನು ನಡೆದದ್ದನ್ನೆಲ್ಲ ಹೇಳಿ ತಪ್ಪಾಯಿತು ಎನ್ನುತ್ತಿದ್ದೆ, ಅವರು ಕೇಳಿಸಿಕೊಳ್ಳುತ್ತ ಶಿವಪ್ರಸಾದನನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದರು. ಹುಡುಗ ಇವನೇ ಏನು ಎಂದು ಪ್ರತಿ ಬದುವಿನ ಮೇಲೂ ಒಬ್ಬಳು ಕೇಳಿದಳು. ಅಲ್ಲ ಎಂದು ಪ್ರತಿ ಬದುವಿನ ಮೇಲೂ ಹೇಳಿದೆ. ಪ್ರತಿ ಸಲವೂ ಅವನು ಕೈಯಲ್ಲಿದ್ದ ಫೋನಿನೊಳಗೆ ಇನ್ನಷ್ಟು ತಲೆ ಹುದುಗಿಸಿದ.

ಪಕೀರಮ್ಮ ಎಂಬ ಮುದುಕಿಯಂತೂ ನನ್ನ ಮೇಲೆ ಕೆಂಡವಾಗಿದ್ದಳು. ಕೈಗೆ ಕುಂಕುಮ ಕೊಟ್ಟು ಕರೆಯದೆ ಫೋನಿನಲ್ಲಿ ಕರೆದರೆ ಯಾರು ಬರುತ್ತಾರೆ ಎಂದಳು. ಆದರೂ ಗಂಡಿನ ಮುಖ ನೋಡಲು ಸೊಸೆಯ ಫೋನಿನಲ್ಲಿ ನಾಲ್ಕು ಸಲ ಒತ್ತಿದ್ದಳು. ಅದು ತೆರೆದಿರಲಿಲ್ಲ, ಸೊಸೆಯ ಫೋನು ಗಟ್ಟಿಯಾಗಿ ತಡೆದಿತ್ತು.

ಸಂಜೆ ಐದಕ್ಕೆ ಅವನು ಸೇತುವೆಯ ಕಟ್ಟೆಯ ಮೇಲೆ ಕುಳಿತು ನನ್ನ ಪಟ್ಟಿ ನೋಡಿದ. ಬಹಳಷ್ಟು ಜನ ಒತ್ತಿದ್ದರು, ಆದರೆ ಕಳ್ಳ ಒಳಗೆ ಹೊಕ್ಕಿದ್ದು ನಲವತ್ತೊಂದು ಫೋನುಗಳಿಗೆ ಮಾತ್ರ. ಆ ನಲವತ್ತೊಂದರಲ್ಲೂ ಗೇಜ್ ಇತ್ತು. ಗೇಜ್ ಇಲ್ಲದ ಒಂದು ಫೋನೂ ಕೆಟ್ಟಿರಲಿಲ್ಲ.

ಅವನು ತನ್ನ ಫೋನು ಹೊರತೆಗೆದ. ಅಲ್ಲಿಯೇ ಕುಳಿತು ಗೇಜ್ ಇರುವ ಎಲ್ಲರಿಗೂ ಬರೆದ. ಬಾಗಿಲು ತೆರೆಸಿದ್ದು ನಾನು, ಮುಚ್ಚಿಸದೆ ಬಿಟ್ಟದ್ದು ನನ್ನ ತಪ್ಪು, ಹೀಗೆ ಮುಚ್ಚಿಕೊಳ್ಳಿ. ಇನ್ನು ಮೇಲೆ ಗೇಜನ್ನು ಯಾರಿಗೂ ಕಳಿಸುವುದಿಲ್ಲ, ಬೇಕಾದವರು ಅಂಗಡಿಗೆ ಬಂದರೆ ಎದುರಿಗೇ ಹಾಕಿ, ಎದುರಿಗೇ ಮುಚ್ಚಿ ಕೊಡುತ್ತೇನೆ. ಪತ್ರ ಹುಡುಕಿಕೊಂಡು ದೊಡ್ಡ ಸ್ಟೋರಿಗೂ ಮೂರನೇ ಸಲ ಕಳಿಸುತ್ತೇನೆ ಎಂದು ನನಗೆ ಹೇಳಿದ. ಅಲ್ಲಿಯೂ ಇರಲಿ, ಅಂಗಡಿಯಲ್ಲಿಯೂ ಇರಲಿ ಎಂದ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಭಯ ಇಳಿಯಲಿಲ್ಲ, ಯಾಕೆಂದರೆ ಹುಸ್ನಾ ಸಿಕ್ಕಿರಲಿಲ್ಲ.

ಹುಸ್ನಾಳಿಗೆ ಎಂಟು ತಿಂಗಳು, ಬಿಪಿ ಏರುತ್ತದೆ. ದಿನಾ ಫೋನು ಮಾಡಿ ತಲೆನೋವು, ಕಣ್ಣು ಮಂಜು, ಕಾಲು ಬಾವು ವಿಚಾರಿಸುವುದು ನನ್ನ ನಿಯಮ. ಬುಧವಾರ ಮಧ್ಯಾಹ್ನದಿಂದ ಅವಳ ಫೋನು ಸ್ವಿಚ್ ಆಫ್. ಸಂಜೆ ಕ್ಯಾಂಪಿಗೆ ಹೋದರೆ ಮನೆಗೆ ಬೀಗ. ಗಂಡ ಇಲಿಯಾಸ್ ಲಾರಿಯ ಮೇಲೆ ಹೋಗಿದ್ದ.

ಗುರುವಾರ ಬೆಳಿಗ್ಗೆ ಶಿವಪ್ರಸಾದ ಅಂಗಡಿ ತೆರೆಯದೆ ಮತ್ತೆ ಬಂದ. ಉಪಕೇಂದ್ರದಲ್ಲಿ ಹನ್ನೊಂದರವರೆಗೆ ಇಪ್ಪತ್ತಮೂರು ಮಕ್ಕಳು ಬರಬೇಕಿತ್ತು. ಆರು ಬಂದವು. ನಾಟಿಯ ಕಾಲ ಎಂದು ಮಾಹಿರಾ ಸಮಾಧಾನ ಹೇಳಿದಳು. ನಾಟಿ ಹೋದ ವಾರವೂ ಇತ್ತು. ಖಾಲಿ ಬೆಂಚು ನೋಡುತ್ತ, ಎರಡು ವರ್ಷದ ನಡಿಗೆ ಒಂದು ಬೆರಳಿನಿಂದ ಹೋಯಿತು ಎಂದುಕೊಂಡೆ. ಲಸಿಕೆ ಹಾಕುವುದನ್ನು ಲಸಿಕೆಯ ದಿನವೆಂದು ಸಿಂಧನೂರಿನಿಂದ ಬಂದಿದ್ದ ಇನ್ನೊಬ್ಬ ಸಿಸ್ಟರ್‌ಗೆ ಒಪ್ಪಿಸಿ, ಮತ್ತೆ ಹುಸ್ನಾಳ ಮನೆಗೆ ಹೊರಟೆ. ಬೈಕು ಓಡಿಸಿದ್ದು ಶಿವಪ್ರಸಾದ. ಅವನ ಹೆಗಲು ಹಿಡಿದುಕೊಂಡಿದ್ದೆನೆಂಬುದು ಇಳಿಯುವಾಗ ಗೊತ್ತಾಯಿತು.

ಬೀಗ ಹಾಗೆಯೇ ಇತ್ತು. ನಿನ್ನೆ ಕಾಣದಿದ್ದ ಪಕ್ಕದ ಮನೆಯವಳು ಎರಡು ಓಣಿ ಆಚೆಗೆ ಕೈ ತೋರಿಸಿದಳು, ಹುಸ್ನಾಳ ಚಿಕ್ಕಮ್ಮನ ಮನೆ. ನಾನು ಓಡಿದೆ, ಅವನು ನನ್ನ ಚೀಲ ಹಿಡಿದು ಹಿಂದೆ ಓಡಿಬಂದ.

ಹುಸ್ನಾ ಜಗುಲಿಯಲ್ಲಿ ಕಾಲು ಚಾಚಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

ನನಗೆ ಅಳು ಬಂತು. ಫೋನು ಎಲ್ಲಿ ಎಂದು ಗದರಿದೆ. ಅಕ್ಕಿಯ ಡಬ್ಬಿಯೊಳಗೆ ಇಟ್ಟಿದ್ದೇನೆ ಎಂದಳು. ನಿನ್ನೆ ನನ್ನ ಹೆಸರಲ್ಲಿ ಲಗ್ನದ ಕಾಗದ ಬಂದಿತ್ತಂತೆ. ಇವಳು ಒತ್ತಲಿಲ್ಲ. ಗೇಜ್ ಇದ್ದ ಫೋನೇ ಅದು, ಒತ್ತಿದ್ದರೆ ಹೋಗುತ್ತಿತ್ತು. ಯಾಕೆ ಒತ್ತಲಿಲ್ಲ ಎಂದು ಕೇಳಿದ್ದು ಶಿವಪ್ರಸಾದ.

“ನಮ್ ಸಿಸ್ಟರ್ ಗುಳಿಗಿ ಕೊಡಾಕ ಕೆಸರಾಗ ನಡಕೊಂತ ಬರ್ತಾರ. ಲಗ್ನ ಆದ್ರ ಮನೀಗೆ ಬಂದು ಹೇಳಲಾರ್ದ ಇರ್ತಾರೇನ್ರಿ? ಕಳಿಸಿದಾಕಿ ಇವರಲ್ಲ ಅಂತ ಆಗೇ ಗೊತ್ತಾತು. ಅಂಜಿಕಿ ಬಂತು, ಫೋನ್ ಬಂದ್ ಮಾಡಿ ಅಕ್ಕಿಯಾಗ ಹುಗದೆ.”

ಇವತ್ತು ಲಸಿಕೆಗೆ ಜನ ಬಂದಿಲ್ಲವೆಂದು ನಾನು ಹೇಳಿದಾಗ ಅವಳು ಚಿಕ್ಕಮ್ಮನನ್ನು ಕೂಗಿ ಕರೆದಳು. ಸಿಸ್ಟರ್ ತಾವೇ ಬಂದಾರ, ಫೋನಿನ್ಯಾಕಿ ಅಲ್ಲ ಎಂದು ಕ್ಯಾಂಪಿಗೆಲ್ಲ ಹೇಳಿ ಬಾ ಎಂದು ಕಳಿಸಿದಳು. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ಸ್ವಲ್ಪ ಹೊತ್ತಿನಲ್ಲಿ ಓಣಿಯ ಕದಗಳು ತೆರೆಯುವ ಸದ್ದು ಕೇಳಿತು.

ನಾನು ಹುಸ್ನಾಳ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದೆ, ಆದರೆ ಮನಸ್ಸು ಅಲ್ಲಿರಲಿಲ್ಲ. ಈ ಹುಡುಗಿ ನನ್ನನ್ನು ತಿಂಗಳಿಗೆ ನಾಲ್ಕು ಸಲ ನೋಡುತ್ತಾಳೆ, ಅಷ್ಟರಲ್ಲೇ ನಾನು ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಎಂದು ಅರಿತಿದ್ದಾಳೆ. ನಾನೂ ಶಿವಪ್ರಸಾದನನ್ನು ತಿಂಗಳಿಗೆ ನಾಲ್ಕು ಸಲವೇ ನೋಡಿದ್ದು. ನನಗೊಂದು ಮಾತು ಹೇಳದೆ ಇವನು ಮದುವೆಯಾಗುವವನಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಗೊತ್ತಿದ್ದರೆ ನಾನು ಒತ್ತುತ್ತಲೇ ಇರಲಿಲ್ಲ. ಮೊದಲು ತೆರೆದ ಬಾಗಿಲು ಫೋನಿನದಲ್ಲ, ನನ್ನ ಅಂಜಿಕೆಯದು.

“ಹಂಗಾರ ಲಗ್ನ ಸುಳ್ಳೇನ್ರಿ ಸಿಸ್ಟರ್? ಹುಡುಗ ಇವರಲ್ಲೇನು?” ಹುಸ್ನಾ ನಿರಾಸೆಯಿಂದ ಕೇಳಿದಳು.

ನೂರಾರು ಸಲ ಹೇಳಿದ್ದ ‘ಅಲ್ಲ’ ಬಾಯಿಗೆ ಬಂತು. ನುಂಗಿದೆ. ಅವನು ಬಾಗಿಲ ಬಳಿ ನನ್ನ ಚೀಲ ಎದೆಗೆ ಅವುಚಿಕೊಂಡು ನಿಂತಿದ್ದ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು.

“ಹರಸಾಕ ಒತ್ತಿದ್ದಲ್ರಿ ನಾನು,” ಅವನ ಮುಖ ನೋಡಿಯೇ ಹೇಳಿದೆ. “ನೀವು ಇನ್ನೊಬ್ಬಾಕಿಗೆ ಹೋದ್ರಿ ಅಂತ ಎದಿ ಒಡದು ಒತ್ತಿದೆ. ನಿಮ್ಮನ್ನ ಕೇಳಬೇಕಾಗಿತ್ತು. ಕೇಳಾಕ ಅಂಜಿಕಿ ಇತ್ತು. ಈಗ ಕೇಳಾಕತ್ತೀನಿ.”

ಅವನು ಹೊಸ್ತಿಲ ಮೇಲೆ ಕುಳಿತೇಬಿಟ್ಟ. ಕಣ್ಣು ಒರೆಸಿಕೊಂಡ.

“ಶನಿವಾರ ಬಸ್ಸಿನ್ಯಾಗಿಂದ ಇಳಿದ ಮ್ಯಾಲ ತಿರುಗಿ ಹತ್ತಬ್ಯಾಡ್ರಿ,” ಎಂದ. “ಅವ್ವನ ಹಂತ್ಯಾಕ ಹೋಗೂಣು. ನಾ ಹೇಳ್ತೀನಿ. ಹತ್ತು ತಿಂಗಳಿಂದ ನಾನೂ ಅಂಜೇ ಕುಂತೀನ್ರಿ.”

ಹುಸ್ನಾ ಬಿಡಿಸಿದ ಸೊಪ್ಪನ್ನು ಬದಿಗೆ ಸರಿಸಿ, ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಬಿಪಿ ಎಷ್ಟು ಬಂತು ಎಂದು ಕೇಳಿದಳು. ನಾನು ಪಟ್ಟಿಯ ಗಾಳಿಯನ್ನೆಲ್ಲ ಬಿಟ್ಟುಬಿಟ್ಟಿದ್ದೆ, ಮುಳ್ಳು ಎಲ್ಲಿ ನಿಂತಿತೆಂದು ನೋಡಿಯೇ ಇರಲಿಲ್ಲ. ಓಣಿಯಲ್ಲಿ ಯಾವುದೋ ಕೂಸು ಅಳುತ್ತಿತ್ತು, ತಾಯಿಯೊಬ್ಬಳು ಲಸಿಕೆಯ ಕಾರ್ಡು ಎಲ್ಲಿ ಎಂದು ಅತ್ತೆಯನ್ನು ಕೇಳುತ್ತಿದ್ದಳು. ಮತ್ತೆ ಗಾಳಿ ತುಂಬಿ, ಈ ಸಲ ಗಮನವಿಟ್ಟು ಕೇಳಿಸಿಕೊಂಡೆ. ನೂರಾ ಇಪ್ಪತ್ತೆಂಟು, ಎಂಬತ್ತೆರಡು.

ಹೆದರುವಂಥದ್ದೇನೂ ಇಲ್ಲ ಎಂದು ಹೇಳಿದೆ.